ಎರಡು ನಿಮಿಷದ ಮೋಜಿಗೆ ಎಷ್ಟು ಶಿಸ್ತು ಬೇಕು: ರಮೋನ್ಸ್ ತಂಡದ ಸಂಗೀತದೃಷ್ಟಿ

ಪಂಕ್ ರಾಕ್ ಎಂದ ಕೂಡಲೇ ಒಂದು ಮಾತು ಕೇಳಿಬರುತ್ತದೆ: ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಿದ್ದರೆ ಸಾಕು, ಜೋರಾಗಿ ಬಾರಿಸಿದರೆ ಆಯಿತು, ಹಾಡಲು ಬರದಿದ್ದರೂ ನಡೆಯುತ್ತದೆ. ಮೂರು ಕಾರ್ಡ್ ಸಾಕು ಎನ್ನುವುದು ನಿಜ. ಉಳಿದ ಎರಡೂ ಸುಳ್ಳು. ಇವತ್ತು ನಾನು ನ್ಯೂಯಾರ್ಕಿನ ರಮೋನ್ಸ್ ತಂಡವನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಅವರ ಹೆಚ್ಚಿನ ಹಾಡುಗಳಲ್ಲಿ ಕ್ರಾಂತಿಯ ಕರೆ ಇಲ್ಲ, ಸರ್ಕಾರದ ಮೇಲೆ ಸಿಟ್ಟಿಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ಕಡಲತೀರ, ಭಯಾನಕ ಸಿನಿಮಾ, ಹುಡುಗಿ, ಬೇಸರದ ಮಧ್ಯಾಹ್ನ, ಇಷ್ಟೇ. ಕೇಳಲು ಅಷ್ಟು ಹಗುರಾದ ಆ ಹಾಡುಗಳನ್ನು ನುಡಿಸಲು ಕೂತರೆ ಗೊತ್ತಾಗುತ್ತದೆ, ಆ ಹಗುರತನಕ್ಕೆ ಎಂಥ ಕಟ್ಟುನಿಟ್ಟು ಬೇಕು ಎಂದು. ಅದನ್ನು ಬಿಡಿಬಿಡಿಯಾಗಿ ತೋರಿಸುವುದೇ ನನ್ನ ಉದ್ದೇಶ.

ಮೊದಲು ಹಿನ್ನೆಲೆ, ಚುಟುಕಾಗಿ. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಫಾರೆಸ್ಟ್ ಹಿಲ್ಸ್ ಎಂಬ ಬಡಾವಣೆ. ಅಲ್ಲಿನ ಹುಡುಗರು 1974ರಲ್ಲಿ ತಂಡ ಕಟ್ಟಿದರು. ಹಾಡುಗಾರ ಜೋಯಿ, ಗಿಟಾರಿಗೆ ಜಾನಿ, ಬೇಸ್ ಗಿಟಾರಿಗೆ ಡೀ ಡೀ, ಡ್ರಮ್ಸ್‌ಗೆ ಟಾಮಿ. ಇವರು ಅಣ್ಣತಮ್ಮಂದಿರಲ್ಲ, ಆದರೂ ಎಲ್ಲರೂ ಹೆಸರಿನ ಮುಂದೆ ರಮೋನ್ ಎಂದು ಸೇರಿಸಿಕೊಂಡರು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಬಳಸಿದ ಪಾಲ್ ರಮೋನ್ ಎಂಬ ಅಡ್ಡಹೆಸರಿನಿಂದ ಬಂದದ್ದು ಅದು. ಅದೇ ವರ್ಷ ಆಗಸ್ಟಿನಲ್ಲಿ ಮ್ಯಾನ್‌ಹ್ಯಾಟನ್‌ನ ಬೌರಿ ರಸ್ತೆಯ ಸಿಬಿಜಿಬಿ ಎಂಬ ಕ್ಲಬ್ಬಿನಲ್ಲಿ ನುಡಿಸಲು ಶುರು ಮಾಡಿದರು. ಮೊದಲ ಆಲ್ಬಂ 1976ರ ಏಪ್ರಿಲ್‌ನಲ್ಲಿ ಬಂತು: 14 ಹಾಡು, ಒಟ್ಟು 29 ನಿಮಿಷ, ಖರ್ಚು 6,400 ಡಾಲರ್.

ಆ ಕಾಲದ ರಾಕ್ ಸಂಗೀತ ಹೇಗಿತ್ತು ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದೊಂದು ಹಾಡು ಎಂಟು ಹತ್ತು ನಿಮಿಷ. ಗಿಟಾರಿನ ಸೋಲೋ (ಒಂಟಿ ವಾದನ), ಕೀಬೋರ್ಡಿನ ಸೋಲೋ, ಅದು ಮುಗಿದರೆ ಡ್ರಮ್ಸ್ ಸೋಲೋ. ಅದರಲ್ಲಿ ಒಳ್ಳೆಯದೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ರಾಕ್ ಅಂಡ್ ರೋಲ್ ಹುಟ್ಟಿದ್ದೇ ಕುಣಿಯುವುದಕ್ಕೆ, ಆ ಕುಣಿತವೇ ಹಾಡಿನಿಂದ ಜಾರಿಹೋಗಿತ್ತು. ರಮೋನ್ಸ್ ಮಾಡಿದ ಮೊದಲ ಕೆಲಸ ತೆಗೆದುಹಾಕುವುದು. ಸೋಲೋ ತೆಗೆದರು, ಉದ್ದದ ಮುನ್ನುಡಿ ತೆಗೆದರು, ಹಾಡಿನ ನಡುವಿನ ಮಾತು ತೆಗೆದರು. ಉಳಿದದ್ದು ಪಲ್ಲವಿ, ಚರಣ, ವೇಗ.

ಹಾಗಾದರೆ ರಾಗದ ಎಳೆ ಎಲ್ಲಿಂದ ಬಂತು? ಇದನ್ನು ಬಹಳ ಜನ ಗಮನಿಸುವುದಿಲ್ಲ, ಗದ್ದಲದಲ್ಲಿ ಕಿವಿಗೆ ಬೀಳುವುದಿಲ್ಲ. ಅವರು ತಮ್ಮ ಮೊದಲ ಆಲ್ಬಂಗಳಲ್ಲಿ ಯಾರ ಹಾಡುಗಳನ್ನು ಮತ್ತೆ ಹಾಡಿದರು ನೋಡಿ. ಮೊದಲನೆಯದರಲ್ಲಿ ಕ್ರಿಸ್ ಮಾಂಟೆಜ್ ಎಂಬಾತನ 1962ರ ಕುಣಿತದ ಹಾಡು. 1977ರ ಒಂದು ಆಲ್ಬಂನಲ್ಲಿ ಬಾಬಿ ಫ್ರೀಮನ್‌ನ 1958ರ ಹಾಡು, ಟ್ರ್ಯಾಶ್‌ಮೆನ್ ತಂಡದ 1963ರ ಸರ್ಫ್ (ಕಡಲಲೆಯ ಮೋಜಿನ) ಹಾಡು. 1980ರಲ್ಲಿ ರೊನೆಟ್ಸ್ ಎಂಬ ಹುಡುಗಿಯರ ತಂಡದ 1963ರ ಪ್ರೇಮಗೀತೆ. ಆ ಕೊನೆಯದು ಬ್ರಿಟನ್‌ನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು, ಅಲ್ಲಿ ಅವರಿಗೆ ಅದಕ್ಕಿಂತ ಮೇಲಿನ ಜಾಗ ಸಿಗಲೇ ಇಲ್ಲ. ಅಂದರೆ ಇವರ ಮನಸ್ಸು ಇದ್ದದ್ದು ಅರವತ್ತರ ದಶಕದ ಆರಂಭದ ರೇಡಿಯೋದಲ್ಲಿ. ಹುಡುಗಿಯರ ತಂಡಗಳು, ಬೀಚ್ ಬಾಯ್ಸ್, ಚೂಯಿಂಗ್ ಗಮ್ಮಿನಂತೆ ಸಿಹಿಯಾದ ಪುಟ್ಟ ಪಾಪ್ ಹಾಡುಗಳು. ಜೋಯಿ ಹಾಡುವಾಗ ಸ್ವರವನ್ನು ಎಳೆಯುವ ರೀತಿ, ಸಾಲಿನ ಕೊನೆಯಲ್ಲಿ ಸಣ್ಣಗೆ ಬಿಕ್ಕುವ ರೀತಿ ಎಲ್ಲವೂ ಅಲ್ಲಿಂದ ಬಂದದ್ದು. ಒಂದು ಪ್ರಯೋಗ ಮಾಡಿ ನೋಡಿ. ಅವರ ಯಾವುದೇ ಹಾಡನ್ನು ಅರ್ಧ ವೇಗದಲ್ಲಿ, ಡಿಸ್ಟಾರ್ಷನ್ (ಸದ್ದನ್ನು ಬೇಕೆಂದೇ ಒರಟಾಗಿಸುವುದು) ಇಲ್ಲದ ಗಿಟಾರಿನಲ್ಲಿ, ಮೆಲ್ಲಗೆ ಹಾಡಿಕೊಳ್ಳಿ. ಪ್ರೇಮಗೀತೆ ಹೊರಬರುತ್ತದೆ.

ನುಡಿಸಾಣಿಕೆಯ ಅಡಿಪಾಯ ರಾಗವೇ ಎನ್ನುವುದು ತಲೆಯಲ್ಲಿರಲಿ. ಗದ್ದಲದ ಹಿಂದೆ ಗುನುಗಬಹುದಾದ ರಾಗವಿಲ್ಲದಿದ್ದರೆ ಮೋಜಿನ ಪಂಕ್ ಎರಡನೇ ಸಲ ಕೇಳಿಸಿಕೊಳ್ಳುವುದಿಲ್ಲ.

ಈಗ ಬಲಗೈಗೆ ಬರೋಣ. ನನ್ನ ಮಟ್ಟಿಗೆ ಈ ಸಂಗೀತದ ಜೀವ ಇರುವುದು ಜಾನಿಯ ಬಲಗೈ ಮಣಿಕಟ್ಟಿನಲ್ಲಿ. ಗಿಟಾರಿನ ತಂತಿಗಳನ್ನು ಪಿಕ್ಕಿನಿಂದ (ಬೆರಳಲ್ಲಿ ಹಿಡಿದು ಮೀಟುವ ಪುಟ್ಟ ಬಿಲ್ಲೆ) ಕೆಳಮುಖವಾಗಿಯೂ ಹೊಡೆಯಬಹುದು, ಮೇಲ್ಮುಖವಾಗಿಯೂ ಹೊಡೆಯಬಹುದು. ವೇಗ ಬೇಕೆಂದರೆ ಎಲ್ಲರೂ ಕೆಳಗೆ ಮೇಲೆ ಕೆಳಗೆ ಮೇಲೆ ಎಂದು ಎರಡನ್ನೂ ಬೆರೆಸುತ್ತಾರೆ, ಶ್ರಮ ಅರ್ಧವಾಗುತ್ತದೆ. ಜಾನಿ ಬೆರೆಸಲಿಲ್ಲ. ಪ್ರತಿ ಹೊಡೆತವೂ ಕೆಳಮುಖ, ಅಂದರೆ ಡೌನ್‌ಸ್ಟ್ರೋಕ್. ಲೆಕ್ಕ ಹಾಕೋಣ. ನಿಮಿಷಕ್ಕೆ 180 ಬೀಟ್ ವೇಗದ ಹಾಡು, ಪ್ರತಿ ಬೀಟ್‌ಗೆ ಎರಡು ಹೊಡೆತ. ಸೆಕೆಂಡಿಗೆ ಆರು ಹೊಡೆತ. ಎರಡು ನಿಮಿಷದ ಒಂದು ಹಾಡಿಗೆ 720 ಡೌನ್‌ಸ್ಟ್ರೋಕ್, ಮುಗಿದ ತಕ್ಷಣ ಇನ್ನೊಂದು ಹಾಡು.

ಇಷ್ಟು ಕಷ್ಟ ಯಾಕೆ ಪಡಬೇಕು? ಕಾರಣವಿದೆ. ಕೈ ಕೆಳಗಿಳಿಯುವಾಗ ಪಿಕ್ ಮೊದಲು ದಪ್ಪ ತಂತಿಯನ್ನು ತಾಕುತ್ತದೆ, ತೂಕವೂ ಕೆಳಮುಖವಾಗಿಯೇ ಇರುತ್ತದೆ. ಮೇಲಕ್ಕೆ ಬರುವಾಗ ಮೊದಲು ತಾಕುವುದು ಸಣ್ಣ ತಂತಿ, ದಪ್ಪ ತಂತಿಗೆ ಏಟು ಬೀಳುವುದು ತಡವಾಗಿ, ಹಗುರವಾಗಿ. ಬೆರೆಸಿ ನುಡಿಸಿದರೆ ಒಂದು ಹೊಡೆತ ಗಟ್ಟಿ, ಒಂದು ತೆಳು, ಒಂದು ಗಟ್ಟಿ, ಒಂದು ತೆಳು ಎಂದು ಕುಂಟುತ್ತದೆ. ಎಲ್ಲವೂ ಡೌನ್‌ಸ್ಟ್ರೋಕ್ ಆದರೆ ನಾಲ್ಕು ಬೀಟಿನ ಒಂದು ಸುತ್ತಿನ ಎಂಟಕ್ಕೆ ಎಂಟೂ ಹೊಡೆತ ಸಮತೂಕ, ಗೋಡೆ ಎದ್ದ ಹಾಗೆ. ನಿಮ್ಮ ತಂಡದ ಗಿಟಾರ್ ವಾದಕ ಕದ್ದುಮುಚ್ಚಿ ಬೆರೆಸುತ್ತಿದ್ದಾನೋ ಇಲ್ಲವೋ ತಿಳಿಯಬೇಕಾದರೆ ಅವನ ಕೈ ನೋಡಬೇಡಿ, ರೆಕಾರ್ಡ್ ಮಾಡಿ ಕೇಳಿ. ಎರಡನೇ ಹೊಡೆತದಲ್ಲಿ ಸಣ್ಣ ತಂತಿಯ ಝಣ್ ಎನ್ನುವ ಹೊಳಪು ಮುಂದೆ ಬಂದರೆ ಸಿಕ್ಕಿಬಿದ್ದ ಎಂದೇ ಲೆಕ್ಕ.

ಅಭ್ಯಾಸ ಹೇಗೆ? ಮೆಟ್ರೊನೊಮ್ (ನಿಮಿಷಕ್ಕೆ ಇಷ್ಟು ಬೀಟ್ ಎಂದು ಟಕ್ ಟಕ್ ಎನ್ನುವ ಸಾಧನ) 120ಕ್ಕೆ ಇಡಿ. ಒಂದೇ ಕಾರ್ಡ್ ಹಿಡಿದು ಎರಡು ನಿಮಿಷ ನಿಲ್ಲಿಸದೆ ಡೌನ್‌ಸ್ಟ್ರೋಕ್ ಮಾತ್ರ. ಎರಡು ನಿಮಿಷವೂ ಕೈ ಸಡಿಲವಾಗಿಯೇ ಇತ್ತು ಎಂದಾದರೆ ಮಾತ್ರ 4 ಬೀಟ್ ಏರಿಸಿ. 120ರಿಂದ 180ಕ್ಕೆ ಹೀಗೆ 15 ಮೆಟ್ಟಿಲು. ಒಂದು ದಿನದಲ್ಲಿ ಎರಡಕ್ಕಿಂತ ಹೆಚ್ಚು ಮೆಟ್ಟಿಲು ಏರಬೇಡಿ. ಚಲನೆ ಮಣಿಕಟ್ಟಿನಿಂದ ಬರಬೇಕು, ಮೊಣಕೈಯಿಂದ ಬಂದರೆ 150ರ ಆಸುಪಾಸಿನಲ್ಲಿ ಮುಂಗೈ ಕಲ್ಲಾಗುತ್ತದೆ. ಬೆರಳುಗಳಿಂದ ಹೊರಗೆ ಚಾಚಿದ ಪಿಕ್ಕಿನ ತುದಿ 3 ಮಿಲಿಮೀಟರ್ ದಾಟಬಾರದು. ಹೆಚ್ಚು ಚಾಚಿದಷ್ಟೂ ಅದು ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿದ್ದನ್ನು ಬಿಡಿಸಲು ಕೈ ಬಿಗಿಯಾಗುತ್ತದೆ, ಬಿಗಿಯಾದ ಕೈ ಸುಸ್ತಾಗುತ್ತದೆ. ಪಿಕ್ಕಿನ ದಪ್ಪ 0.73ರಿಂದ 1 ಮಿಲಿಮೀಟರ್ ಒಳಗಿರಲಿ. ತೀರಾ ತೆಳುವಾದರೆ ಅದು ಬಾಗಿ ಹಿಂದಿರುಗುವಷ್ಟರಲ್ಲಿ ಹೊಡೆತ ತಡವಾಗುತ್ತದೆ, ಪಿಕ್ಕಿನದೇ ಚಟಪಟ ಸದ್ದು ಕೇಳಿಸುತ್ತದೆ. ಇನ್ನೊಂದು ಮುಖ್ಯ ವಿಷಯ: ಸುಸ್ತು ಬೇರೆ, ನೋವು ಬೇರೆ. ಮಣಿಕಟ್ಟಿನಲ್ಲಿ ಚುಚ್ಚುವ ನೋವು ಬಂದರೆ ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ಹಟ ಮಾಡಿದವರು ತಿಂಗಳುಗಟ್ಟಲೆ ಗಿಟಾರ್ ಮುಟ್ಟದ ಸ್ಥಿತಿಗೆ ಬರುತ್ತಾರೆ.

ಜಾನಿ ಗಿಟಾರನ್ನು ಬಹಳ ಕೆಳಗೆ ನೇತುಹಾಕಿಕೊಂಡು, ಕಾಲು ಅಗಲಿಸಿ ನಿಲ್ಲುತ್ತಿದ್ದ. ನೋಡಲು ಚೆಂದ. ಆದರೆ ಗಿಟಾರ್ ಕೆಳಗಿಳಿದಷ್ಟೂ ಎಡಗೈ ಮಣಿಕಟ್ಟು ಹೆಚ್ಚು ಮಡಚುತ್ತದೆ, ಮಡಚಿದ ಮಣಿಕಟ್ಟಿನಿಂದ ಆರೂ ತಂತಿಗಳನ್ನು ಒಂದೇ ಬೆರಳಿನಲ್ಲಿ ಒತ್ತುವುದು ಕಷ್ಟ. ಪಟ್ಟಿಯನ್ನು ಒಂದೇ ಸಲ ಸಡಿಲಿಸಬೇಡಿ, ಒಂದೊಂದೇ ತೂತು ಇಳಿಸುತ್ತಾ ಬನ್ನಿ.

ಎಡಗೈ ಕೆಲಸ ಇದಕ್ಕೆ ಹೋಲಿಸಿದರೆ ಸುಲಭ. ಅವರ ಮೊದಲ ಆಲ್ಬಂನ ಮೊದಲ ಹಾಡು, ಬ್ಲಿಟ್ಸ್‌ಕ್ರೀಗ್ ಬಾಪ್, ಮುಖ್ಯವಾಗಿ ಎ, ಡಿ, ಇ ಎಂಬ ಮೂರು ಮೇಜರ್ ಕಾರ್ಡುಗಳ ಮೇಲೆ ನಿಂತಿದೆ. ಎ ಕಾರ್ಡನ್ನು ಐದನೇ ಫ್ರೆಟ್ಟಿನಲ್ಲಿ (ಗಿಟಾರಿನ ಕತ್ತಿನ ಮೇಲಿನ ಅಡ್ಡಗೆರೆ) ಆರು ತಂತಿಯ ಬಾರೆ ಆಗಿ, ಅಂದರೆ ಒಂದು ಬೆರಳನ್ನು ಎಲ್ಲ ತಂತಿಗಳಿಗೂ ಅಡ್ಡವಾಗಿ ಒತ್ತಿ ಹಿಡಿಯಿರಿ. ಡಿ ಅದೇ ಐದನೇ ಫ್ರೆಟ್ಟಿನಲ್ಲಿ, ಐದು ತಂತಿಯ ಆಕಾರದಲ್ಲಿ ಸಿಗುತ್ತದೆ. ಇ ಅದೇ ಆಕಾರ, ಏಳನೇ ಫ್ರೆಟ್. ಮಣಿಕಟ್ಟು ಎರಡು ಫ್ರೆಟ್ಟಿಗಿಂತ ಹೆಚ್ಚು ಓಡುವುದೇ ಇಲ್ಲ. ಕಾರ್ಡ್ ಬದಲಿಸುವಾಗ ಹೊಸಬರು ಬಲಗೈಯನ್ನೂ ಅರೆಗಳಿಗೆ ನಿಲ್ಲಿಸುತ್ತಾರೆ, ಅಲ್ಲಿ ಗೋಡೆಗೆ ತೂತು ಬೀಳುತ್ತದೆ. ಬಲಗೈ ನಿಲ್ಲಲೇಬಾರದು. ಎಂಟನೇ ಹೊಡೆತದ ಹೊತ್ತಿಗೆ ಎಡಗೈ ಒತ್ತಡ ಬಿಟ್ಟು ಹೊಸ ಜಾಗಕ್ಕೆ ಹೊರಟಿರುತ್ತದೆ, ಆ ಒಂದು ಹೊಡೆತ ಸ್ವರವಿಲ್ಲದ ಬರೀ ತಂತಿಯ ಸದ್ದಾಗುತ್ತದೆ. ಆಗಲಿ. ಸೆಕೆಂಡಿನ ಆರನೇ ಒಂದು ಭಾಗ ಯಾರಿಗೂ ಕಾಣದು, ಲಯ ತಪ್ಪಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಡಿಸ್ಟಾರ್ಷನ್ ವಿಷಯದಲ್ಲಿ ಅತಿ ಹೆಚ್ಚು ತಪ್ಪು ನಡೆಯುತ್ತದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಾನಿ ಎರಡು ತಂತಿಯ ಪವರ್ ಕಾರ್ಡಿಗಿಂತ ಪೂರ್ತಿ ಬಾರೆ ಕಾರ್ಡನ್ನೇ ನುಡಿಸುತ್ತಿದ್ದ. ಪವರ್ ಕಾರ್ಡಿನಲ್ಲಿ ಇರುವುದು ಷಡ್ಜ, ಪಂಚಮ ಮಾತ್ರ. ಪೂರ್ತಿ ಮೇಜರ್ ಕಾರ್ಡಿನಲ್ಲಿ ಗಾಂಧಾರವೂ ಇದೆ, ಹಾಡಿಗೆ ನಗುಮುಖ ಕೊಡುವುದು ಅದೇ ಗಾಂಧಾರ. ಆದರೆ ಡಿಸ್ಟಾರ್ಷನ್ನಿಗೆ ಒಂದು ಗುಣವಿದೆ. ಎರಡು ಸ್ವರ ಒಟ್ಟಿಗೆ ಒಳಗೆ ಹೋದರೆ ಅವುಗಳ ಕಂಪನಾಂಕಗಳ ಮೊತ್ತ, ವ್ಯತ್ಯಾಸ ಎರಡೂ ಹೊಸ ಸ್ವರಗಳಾಗಿ ಹೊರಬರುತ್ತವೆ. 220 ಹರ್ಟ್ಜ್‌ನ ಎ, 330 ಹರ್ಟ್ಜ್‌ನ ಇ ತೆಗೆದುಕೊಳ್ಳಿ. ವ್ಯತ್ಯಾಸ 110, ಅದು ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಎ. ಶ್ರುತಿಗೆ ಹೊಂದುತ್ತದೆ, ಸದ್ದು ಇನ್ನಷ್ಟು ದಪ್ಪವಾಗುತ್ತದೆ. ಈಗ ಗಾಂಧಾರ ಸೇರಿಸಿ, ಗಿಟಾರಿನ ಫ್ರೆಟ್ಟಿನಲ್ಲಿ ಅದು 277 ಹರ್ಟ್ಜ್. 220ರಿಂದ ವ್ಯತ್ಯಾಸ 57. ತಳದ ಎ 55 ಹರ್ಟ್ಜ್, ಅದರ ಮೇಲಿನ ಅರ್ಧಸ್ವರ 58ರ ಸ್ವಲ್ಪ ಮೇಲೆ. 57 ಎರಡಕ್ಕೂ ಸೇರದ ನಡುವಿನ ಗೊಜಗೊಜ. ಗೇನ್, ಅಂದರೆ ಡಿಸ್ಟಾರ್ಷನ್ನಿನ ಪ್ರಮಾಣ ಹೆಚ್ಚಿಸಿದಷ್ಟೂ ಈ ಗೊಜಗೊಜ ಏರುತ್ತದೆ.

ಹೀಗಾಗಿ ಪೂರ್ತಿ ಕಾರ್ಡ್ ಬೇಕೆಂದರೆ ಗೇನ್ ಕಡಿಮೆ, ವಾಲ್ಯೂಮ್ ಹೆಚ್ಚು. ಆಂಪ್ಲಿಫೈಯರ್‌ನ ಹತ್ತರವರೆಗೆ ತಿರುಗುವ ಗುಬ್ಬಿಯಲ್ಲಿ ಗೇನ್ 4 ಅಥವಾ 5 ಸಾಕು. ತಳದ ಸದ್ದು (ಬೇಸ್) 4, ನಡುವಿನದು (ಮಿಡ್) 6ರಿಂದ 7, ಮೇಲಿನದು (ಟ್ರೆಬಲ್) 6 ಇಟ್ಟುಕೊಂಡು ಶುರು ಮಾಡಿ, ಗಿಟಾರಿನಲ್ಲಿ ತಂತಿಗಳು ಕೂರುವ ಸೇತುವೆ ಕಡೆಯ ಪಿಕಪ್ (ತಂತಿಯ ಸದ್ದು ಹಿಡಿಯುವ ಅಯಸ್ಕಾಂತ) ಆರಿಸಿ. ಒಬ್ಬರೇ ಕೂತು ನುಡಿಸುವಾಗ ಇದು ತೆಳು ಅನಿಸುತ್ತದೆ, ಕೈ ತಾನಾಗಿ ಬೇಸ್ ಏರಿಸಿ ಮಿಡ್ ಇಳಿಸಲು ಹೋಗುತ್ತದೆ. ಹಾಗೆ ಮಾಡಿದರೆ ತಂಡದ ಜೊತೆ ಗಿಟಾರ್ ಮಾಯವಾಗುತ್ತದೆ. ತಳದ ಜಾಗವನ್ನು ಬೇಸ್ ಗಿಟಾರ್ ಹಿಡಿದಿದೆ, ಮೇಲಿನ ಜಾಗವನ್ನು ಸಿಂಬಲ್‌ಗಳು ಹಿಡಿದಿವೆ, ಗಿಟಾರಿಗೆ ಉಳಿದದ್ದು ನಡುವಿನ ಜಾಗ ಮಾತ್ರ. ಜಾನಿಯ ಸಲಕರಣೆಯೂ ಸರಳ: ಒಂದು ಮಾಸ್ರೈಟ್ ಗಿಟಾರ್, ಮಾರ್ಷಲ್ ಆಂಪ್ಲಿಫೈಯರ್. ಆ ಮಾಸ್ರೈಟ್ ಮಾದರಿ ವೆಂಚರ್ಸ್ ಎಂಬ ಸರ್ಫ್ ಸಂಗೀತದ ತಂಡದ ಹೆಸರಿನದು. ಮೊದಲನೆಯದನ್ನು ಅವನು 1974ರಲ್ಲಿ 50 ಡಾಲರ್ ಆಸುಪಾಸಿಗೆ ಕೊಂಡಿದ್ದ.

ಡ್ರಮ್ಸ್ ಕಥೆ ಸ್ವಾರಸ್ಯವಾದದ್ದು. ಮೊದಲಿಗೆ ಡ್ರಮ್ಸ್ ಬಾರಿಸುತ್ತಿದ್ದವನು ಜೋಯಿ. ಹಾಡುಗಳ ವೇಗ ಏರಿದಂತೆ ಅವನಿಗೆ ಹಿಡಿಯಲಾಗಲಿಲ್ಲ, ಹಾಡಲು ಮುಂದೆ ಬಂದ. ಹೊಸ ಡ್ರಮ್ಮರ್‌ಗಾಗಿ ಹುಡುಕಿದರು. ಬಂದವರಿಗೆಲ್ಲ ಏನು ಬೇಕು ಎಂದು ತೋರಿಸಿಕೊಡುತ್ತಿದ್ದವನು ಟಾಮಿ. ಅವನು ತಂಡದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವನು, ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸ ಮಾಡಿದವನು. ಬಂದವರು ಯಾರೂ ಅಷ್ಟು ಸರಳವಾಗಿ ಬಾರಿಸಲು ಒಪ್ಪಲಿಲ್ಲ, ಕೊನೆಗೆ ಟಾಮಿಯೇ ಕೂತ. ಕುಶಲಕರ್ಮಿಗಳಿಗೆ ಸರಳತೆ ಎಷ್ಟು ಕಷ್ಟ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಟಾಮಿ ಬಾರಿಸಿದ್ದು ಇಷ್ಟೇ: ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮೇಲೆ ಪ್ರತಿ ಬೀಟ್‌ಗೆ ಎರಡು, ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಎರಡು ಮತ್ತು ನಾಲ್ಕನೇ ಬೀಟ್‌ಗೆ, ಕಾಲಿನ ಡ್ರಮ್ ಒಂದು ಮತ್ತು ಮೂರಕ್ಕೆ ಅಥವಾ ಅದರ ಅಕ್ಕಪಕ್ಕ. ಗಿಟಾರಿನ ಡೌನ್‌ಸ್ಟ್ರೋಕ್ ಮತ್ತು ಹೈ-ಹ್ಯಾಟಿನ ಹೊಡೆತ ಒಂದರ ಮೇಲೊಂದು ಕೂತಾಗ ಎರಡು ವಾದ್ಯ ಎನ್ನುವುದೇ ಮರೆತುಹೋಗುತ್ತದೆ. ಇಲ್ಲೂ ಒಂದೇ ಕೈಯಲ್ಲಿ ಸೆಕೆಂಡಿಗೆ ಆರು. ಕೋಲನ್ನು ಬಿಗಿ ಹಿಡಿದರೆ ಮೂರನೇ ಹಾಡಿಗೆ ಕೈ ಸೋಲುತ್ತದೆ, ಅದು ತಾನೇ ಪುಟಿಯಲು ಬಿಡಬೇಕು. ಆಗದಿದ್ದಾಗ ಬೀಟ್‌ಗೆ ಒಂದೇ ಹೊಡೆತಕ್ಕೆ ಇಳಿಯುವವರಿದ್ದಾರೆ. ಇಳಿದ ಕ್ಷಣ ಹಾಡು ಅರ್ಧ ವೇಗದಂತೆ ಕೇಳಿಸುತ್ತದೆ, ಮೆಟ್ರೊನೊಮ್ ಏನೇ ಹೇಳಲಿ. ಅದಕ್ಕಿಂತ ಇಡೀ ಹಾಡನ್ನೇ 10 ಬೀಟ್ ಕೆಳಗಿಳಿಸಿ ಎರಡೆರಡು ಹೊಡೆತ ಉಳಿಸಿಕೊಳ್ಳುವುದು ಮೇಲು. ಕ್ರ್ಯಾಶ್ ಸಿಂಬಲ್ (ಜೋರಾಗಿ ಮೊಳಗುವ ದೊಡ್ಡ ತಟ್ಟೆ) ಪಲ್ಲವಿಯ ಮೊದಲ ಬೀಟ್‌ಗೆ ಒಂದು ಸಲ ಸಾಕು. ಅದರ ಗುಂಯ್ ಎನ್ನುವ ಬಾಲ ಹಾಡುಗಾರನ ವ್ಯಂಜನಗಳ ಮೇಲೇ ಕೂರುತ್ತದೆ, ಪದ ಅಳಿಸಿಹೋಗುತ್ತದೆ.

ಡೀ ಡೀಯ ಬೇಸ್ ಗಿಟಾರ್ ಬಗ್ಗೆ ಹೇಳಲು ಹೆಚ್ಚಿಲ್ಲ: ಕಾರ್ಡಿನ ಷಡ್ಜ, ಪಿಕ್ಕಿನಿಂದ, ಅದೂ ಪ್ರತಿ ಬೀಟ್‌ಗೆ ಎರಡು. ಆದರೆ ಅವನಿಗೆ ಇನ್ನೊಂದು ಜವಾಬ್ದಾರಿ ಇತ್ತು. ಪ್ರತಿ ಹಾಡಿಗೂ ಮುಂಚೆ ಒನ್ ಟೂ ತ್ರೀ ಫೋರ್ ಎಂದು ಕೂಗುವುದು. ಈ ಎಣಿಕೆ ಇವರ ಗುರುತೇ ಆಗಿಬಿಟ್ಟಿತು. ನೀವು ಎಣಿಸುವಾಗ ಎಚ್ಚರ: ವೇದಿಕೆಯ ಮೇಲೆ ಎದೆಬಡಿತ ಏರಿರುತ್ತದೆ, ಎಣಿಕೆ ತಾನಾಗಿ 10 ಬೀಟ್ ಜಾಸ್ತಿಯಾಗಿ ಬಾಯಿಂದ ಬರುತ್ತದೆ. ಮನೆಯಲ್ಲಿ 180 ಇದ್ದದ್ದು 190 ಆದರೆ ಬಲಗೈಗೂ ಹಾಡುಗಾರನ ಉಸಿರಿಗೂ ಕಂಟಕ. ಎಣಿಸುವ ಮುಂಚೆ ಪಲ್ಲವಿಯ ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳಿ, ಆ ಸಾಲಿನ ನಡೆಯಲ್ಲೇ ಎಣಿಸಿ. ಪದಗಳಿಗೆ ತಮ್ಮದೇ ನಡೆ ಇರುತ್ತದೆ, ಅದು ಅಷ್ಟು ಸುಲಭವಾಗಿ ಓಡುವುದಿಲ್ಲ.

ಹಾಡು ಕಟ್ಟುವ ಗಣಿತ ನೋಡಿ. 180ರ ವೇಗದಲ್ಲಿ ನಾಲ್ಕು ಬೀಟಿನ ಒಂದು ಬಾರ್ 1.33 ಸೆಕೆಂಡ್. ಅಂದರೆ ಎರಡು ನಿಮಿಷಕ್ಕೆ 90 ಬಾರ್. ಮುನ್ನುಡಿ 4, ಚರಣ 16, ಪಲ್ಲವಿ 8, ಮತ್ತೆ ಚರಣ 16, ಪಲ್ಲವಿ 8, ನಡುವಿನ ತಿರುವು 8, ಚರಣ 16, ಕೊನೆಗೆ ಪಲ್ಲವಿ ಎರಡು ಸಲ 16. ಕೂಡಿಸಿದರೆ 92, ಎರಡು ನಿಮಿಷ ಮೂರು ಸೆಕೆಂಡ್. ಪೂರ್ತಿ ಪಾಪ್ ಹಾಡಿನ ಎಲ್ಲ ಅಂಗಗಳೂ ಇದರೊಳಗಿವೆ, ಯಾವುದನ್ನೂ ಕತ್ತರಿಸಿಲ್ಲ. ವೇಗದಿಂದ ಸಿಕ್ಕ ಸಂಕ್ಷೇಪ ಇದು. ನಿಧಾನದ ಹಾಡನ್ನು ಎರಡು ನಿಮಿಷಕ್ಕೆ ತುಂಡು ಮಾಡಿದರೆ ಅರೆಬೆಂದದ್ದು ಅನಿಸುತ್ತದೆ, ಇವರದು ಹಾಗನಿಸದೇ ಇರುವುದು ಇದಕ್ಕೇ. ಮೊದಲ ಆಲ್ಬಂನ ಒಂದು ಹಾಡು ಒಂದೂವರೆ ನಿಮಿಷದ್ದು. ಅದರಲ್ಲಿ ಎರಡನೇ ಚರಣಕ್ಕೆ ಹೊಸ ಪದ ಹುಡುಕುವ ಬದಲು, ಎರಡನೆಯದೂ ಮೊದಲನೆಯದೇ ಎಂದು ಹಾಡಿನೊಳಗೇ ಸಾರಿಬಿಡುತ್ತಾರೆ. ಆ ಯುಕ್ತಿಯನ್ನು ಹರ್ಮನ್ಸ್ ಹರ್ಮಿಟ್ಸ್ ಎಂಬ ಬ್ರಿಟಿಷ್ ತಂಡದ 1965ರ ಹಾಡಿನಿಂದ ಎತ್ತಿಕೊಂಡರು.

ಕೂಗಿನ ಭಾಗವೂ ಲೆಕ್ಕಾಚಾರದ್ದೇ. ಬ್ಲಿಟ್ಸ್‌ಕ್ರೀಗ್ ಬಾಪ್ ಮುಖ್ಯವಾಗಿ ಟಾಮಿ ಬರೆದದ್ದು. ಅದರ ಆರಂಭದ ಕೂಗಿಗೆ ಪ್ರೇರಣೆ ಸ್ಕಾಟ್ಲೆಂಡಿನ ಬೇ ಸಿಟಿ ರೋಲರ್ಸ್ ಎಂಬ ಹದಿಹರೆಯದವರ ಅಚ್ಚುಮೆಚ್ಚಿನ ತಂಡ. ಅವರ ಒಂದು ಹಾಡಿನಲ್ಲಿ ವಾರದ ದಿನದ ಹೆಸರನ್ನು ಅಕ್ಷರ ಬಿಡಿಸಿ ಕೂಗುತ್ತಾರೆ, ತಮಗೂ ಅಂಥದ್ದೊಂದು ಬೇಕು ಎಂದುಕೊಂಡರು. ಕೂಗುವ ಜಾಗದಲ್ಲಿ ಗಿಟಾರ್ ನಿಂತು ಡ್ರಮ್ಸ್, ದನಿ ಮಾತ್ರ ಉಳಿಯುತ್ತದೆ ನೋಡಿ, ಸಭಿಕರಿಗೆ ಜಾಗ ಬಿಟ್ಟುಕೊಡುವುದು ಹಾಗೆ. ಕೂಗು ಎರಡು ಬಾರ್ ಮೀರಬಾರದು, ಒಂದೊಂದು ಬೀಟ್‌ಗೆ ಒಂದೇ ಪದ, ಬಾಯಿ ಪೂರ್ತಿ ತೆರೆಯುವ ಸ್ವರಗಳು. ಮೊದಲ ಸಲ ಕೇಳಿದವನು ಎರಡನೇ ಸುತ್ತಿಗೆ ಸೇರಿಕೊಳ್ಳುವಂತಿರಬೇಕು.

ಪದಗಳ ವಿಚಾರ. ಮೊದಲ ಆಲ್ಬಂನ ಹಾಡುಗಳ ಹೆಸರನ್ನೇ ಓದಿದರೆ ಒಂದು ಕ್ರಮ ಕಾಣುತ್ತದೆ: ನನಗೆ ಇದು ಬೇಡ, ನನಗೆ ಅದು ಬೇಡ, ಈಗ ನನಗೆ ಇದು ಬೇಕು. ಹದಿನಾರು ವರ್ಷದ ಹುಡುಗನ ಇಡೀ ಜಗತ್ತು ಈ ಎರಡು ಕ್ರಿಯಾಪದಗಳಲ್ಲಿ ಬರುತ್ತದೆ. ಮುಂದಿನ ಆಲ್ಬಂಗಳನ್ನೂ ಸೇರಿಸಿಕೊಂಡರೆ ಉಳಿದದ್ದು ಗರಗಸದ ಸಿನಿಮಾ, ಸರ್ಕಸ್ಸಿನ ವಿಚಿತ್ರ ಮನುಷ್ಯರ 1932ರ ಸಿನಿಮಾ, ಕ್ವೀನ್ಸ್‌ನ ರಾಕವೇ ಕಡಲತೀರ. ಆ ಕಡಲತೀರದ ಹಾಡು 1977ರ ನವೆಂಬರಿನಲ್ಲಿ, ನ್ಯೂಯಾರ್ಕಿನ ಚಳಿಯಲ್ಲಿ ಬಿಡುಗಡೆಯಾಗಿ 66ನೇ ಸ್ಥಾನ ಮುಟ್ಟಿತು. ಅಮೆರಿಕದಲ್ಲಿ ಅವರ ಯಾವ ಬಿಡಿಹಾಡೂ ಅದಕ್ಕಿಂತ ಮೇಲೆ ಹೋಗಲಿಲ್ಲ. ಬರೆಯುವವರು ಗಮನಿಸಬೇಕಾದ ಒಂದು ನಿಯಮವಿದೆ: ನಗಿಸುವವನು ನಗಬಾರದು. ಈ ನಾಲ್ವರು ವೇದಿಕೆಯ ಮೇಲೆ ಚರ್ಮದ ಜಾಕೆಟ್, ಹರಿದ ಜೀನ್ಸ್ ತೊಟ್ಟು, ಗಂಭೀರ ಮುಖ ಮಾಡಿ ನಿಲ್ಲುತ್ತಿದ್ದರು. ಹಾಡುವಾಗ ಕಣ್ಣು ಮಿಟುಕಿಸಿ, ನಾವು ತಮಾಷೆ ಮಾಡುತ್ತಿದ್ದೇವೆ ಗೊತ್ತಾಯಿತಾ ಎಂದು ಸೂಚನೆ ಕೊಟ್ಟ ಕೂಡಲೇ ಅದು ಅಣಕು ತಂಡವಾಗುತ್ತದೆ. ಅಣಕು ಒಂದು ಸಲಕ್ಕೆ ಸರಿ, 2,263 ಕಾರ್ಯಕ್ರಮಕ್ಕೆ ಆಗದು. ಹೌದು, 1996ರ ಆಗಸ್ಟ್ 6ರ ಕೊನೆಯ ಕಾರ್ಯಕ್ರಮದವರೆಗೆ ಅವರು ನುಡಿಸಿದ ಸಂಖ್ಯೆ ಅದು.

ಇನ್ನು ರಾಜಕೀಯದ ಮಾತು. 1976ರ ಜುಲೈ 4ರಂದು ರಮೋನ್ಸ್ ಲಂಡನ್ನಿನ ರೌಂಡ್‌ಹೌಸ್‌ನಲ್ಲಿ ನುಡಿಸಿದರು. ಅದೇ ರಾತ್ರಿ ಶೆಫೀಲ್ಡ್ ಊರಿನಲ್ಲಿ ಕ್ಲ್ಯಾಶ್ ತಂಡದ ಮೊದಲ ಕಾರ್ಯಕ್ರಮ. ಕ್ಲ್ಯಾಶ್ ಮುಂದೆ ಪಂಕ್‌ನ ರಾಜಕೀಯ ದನಿಯಾಯಿತು: ನಿರುದ್ಯೋಗ, ಜನಾಂಗದ್ವೇಷ, ಪೊಲೀಸರು. ರಮೋನ್ಸ್ ಆ ಕಡೆ ಹೋಗಲಿಲ್ಲ. ಹೋಗದಿರುವುದಕ್ಕೆ ತಂಡದೊಳಗೇ ಕಾರಣವಿತ್ತು, ಜಾನಿ ಗಟ್ಟಿ ರಿಪಬ್ಲಿಕನ್, ಜೋಯಿ ಉದಾರವಾದಿ. ಇಬ್ಬರೂ ಒಂದೇ ವ್ಯಾನಿನಲ್ಲಿ ವರ್ಷಗಟ್ಟಲೆ ತಿರುಗಬೇಕಾದರೆ ಹಾಡಿನಲ್ಲಿ ಚುನಾವಣೆ ತಾರದಿರುವುದು ವಿವೇಕ.

ಆದರೆ ರಾಜಕೀಯ ಬೇಡ ಎಂದಮಾತ್ರಕ್ಕೆ ಏನು ಬೇಕಾದರೂ ಹಾಡಬಹುದು ಎಂದಾಗುವುದಿಲ್ಲ. ಮೊದಲ ಆಲ್ಬಂನಲ್ಲಿ ಯುದ್ಧಕಾಲದ ಜರ್ಮನಿಯ ಚಿತ್ರಗಳು ಅಲ್ಲಲ್ಲಿ ಬರುತ್ತವೆ. ಒಂದು ಹಾಡಿನಲ್ಲಿ ನಾಜಿ ಎಂಬ ಪದವೇ ಇತ್ತು, ರೆಕಾರ್ಡ್ ಕಂಪನಿಯ ಸೀಮೋರ್ ಸ್ಟೈನ್ ಆಕ್ಷೇಪಿಸಿದ ಮೇಲೆ ಸಾಲು ಬದಲಾಯಿತು. ಜೋಯಿ, ಟಾಮಿ ಇಬ್ಬರೂ ಯಹೂದಿ ಕುಟುಂಬದವರು, ಟಾಮಿ ಹುಟ್ಟಿದ್ದು 1949ರಲ್ಲಿ ಬುಡಾಪೆಸ್ಟಿನಲ್ಲಿ, ಅವನ ತಂದೆತಾಯಿ ನಾಜಿಗಳ ಯಹೂದಿ ಹತ್ಯಾಕಾಂಡದಿಂದ ಬದುಕುಳಿದವರು. ಅವರ ಉದ್ದೇಶ ಬೆಚ್ಚಿಬೀಳಿಸುವುದಷ್ಟೇ ಆಗಿತ್ತು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಸ್ಟೈನ್ ತಡೆದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮೋಜಿನ ಹಾಡಿನಲ್ಲಿ ಪದವನ್ನು ವಿವರಿಸಲು ಜಾಗವಿರುವುದಿಲ್ಲ, ಎರಡು ನಿಮಿಷದಲ್ಲಿ ಅದು ಬರಿಗೈಯಲ್ಲಿ ಜನರ ಮುಂದೆ ನಿಲ್ಲುತ್ತದೆ.

ಆದರೂ ಒಂದು ಸಲ ಅವರು ನೇರವಾಗಿ ರಾಜಕೀಯ ಹಾಡಿದರು. 1985ರ ಮೇ ತಿಂಗಳಲ್ಲಿ ಅಧ್ಯಕ್ಷ ರೇಗನ್ ಪಶ್ಚಿಮ ಜರ್ಮನಿಯ ಬಿಟ್‌ಬರ್ಗ್‌ನ ಸೈನಿಕ ಸ್ಮಶಾನಕ್ಕೆ ಹೋಗಿ ಗೌರವ ಸಲ್ಲಿಸಿದರು. ಅಲ್ಲಿ ವಾಫೆನ್ ಎಸ್ಎಸ್ ಎಂಬ ನಾಜಿ ಪಡೆಯವರ ಸಮಾಧಿಗಳೂ ಇದ್ದವು. ಇದನ್ನು ಕಂಡು ಕೆರಳಿ ಜೋಯಿ, ಡೀ ಡೀ ಇನ್ನೊಬ್ಬರ ಜೊತೆಗೂಡಿ ಹಾಡು ಬರೆದರು, ಅದೇ ವರ್ಷ ಬ್ರಿಟನ್‌ನಲ್ಲಿ ಬಿಡುಗಡೆಯಾಯಿತು. ರೇಗನ್ ಅಭಿಮಾನಿಯಾದ ಜಾನಿ ಅಧ್ಯಕ್ಷರನ್ನು ಅಣಕಿಸುವ ಹೆಸರಿಗೆ ಒಪ್ಪಲಿಲ್ಲ, 1986ರ ಆಲ್ಬಂನಲ್ಲಿ ಅದು ಬೇರೆ ಹೆಸರಿನಿಂದ ಬಂತು, ಮೂಲ ಹೆಸರು ಕಂಸಕ್ಕೆ ಹೋಯಿತು. ಆದರೆ ಜಾನಿ ಅದನ್ನು ನುಡಿಸಿದ. ಹಾಡು ಕೇಳಿ ನೋಡಿ: ಸಿಟ್ಟಿನ ಹಾಡಾದರೂ ಅದರ ಪಲ್ಲವಿಯಲ್ಲಿ ಹಳೆಯ ಹುಡುಗಿಯರ ತಂಡಗಳ ಇಂಪು ಹಾಗೆಯೇ ಇದೆ.

ಪಕ್ಕದ ಒಂದು ಮಾತು. ಅವರ ಲಾಂಛನವನ್ನು ನೀವು ಟೀ ಶರ್ಟುಗಳ ಮೇಲೆ ನೋಡಿರುತ್ತೀರಿ, ಹಾಡು ಕೇಳದವರೂ ತೊಟ್ಟಿರುತ್ತಾರೆ. ಅರ್ಟುರೊ ವೇಗಾ ಎಂಬ ಕಲಾವಿದ ಅದನ್ನು ಅಮೆರಿಕದ ಅಧ್ಯಕ್ಷರ ಮುದ್ರೆಯ ಮಾದರಿಯಲ್ಲಿ ಮಾಡಿದ. ಮುದ್ರೆಯ ಹದ್ದು ಕಾಲಲ್ಲಿ ಆಲಿವ್ ಕೊಂಬೆ, ಬಾಣ ಹಿಡಿದಿದ್ದರೆ ಇಲ್ಲಿ ಸೇಬಿನ ಕೊಂಬೆ, ಬೇಸ್‌ಬಾಲ್ ದಾಂಡು. ಜಾನಿಗೆ ಬೇಸ್‌ಬಾಲ್ ಹುಚ್ಚು.

ಕಲಿಯುವವರಿಗೆ ಮೊದಲ ಆಲ್ಬಂನಲ್ಲಿ ಒಂದು ಅನುಕೂಲವಿದೆ. ಅದರ ಸ್ಟೀರಿಯೋ ಮಿಶ್ರಣದಲ್ಲಿ ಬೇಸ್ ಗಿಟಾರ್ ಎಡಕ್ಕೆ, ಗಿಟಾರ್ ಬಲಕ್ಕೆ, ಡ್ರಮ್ಸ್ ಮತ್ತು ದನಿ ನಡುವೆ. ಹೆಡ್‌ಫೋನಿನ ಬಲಗಡೆ ಮಾತ್ರ ಹಾಕಿಕೊಂಡರೆ ಜಾನಿ ಹೆಚ್ಚುಕಡಿಮೆ ಒಂಟಿಯಾಗಿ ಸಿಗುತ್ತಾನೆ, ಎಡಗಡೆ ಡೀ ಡೀ. ಗಿಟಾರ್ ಕಲಿಯುವವರು ಎಡಗಡೆ ಹಾಕಿಕೊಂಡು ತಾವೇ ಜಾನಿಯ ಜಾಗ ತುಂಬಲಿ.

ಕೊನೆಯದಾಗಿ ವೇದಿಕೆ. 1977ರ ಡಿಸೆಂಬರ್ 31ರಂದು ಲಂಡನ್ನಿನ ರೇನ್‌ಬೋ ರಂಗಮಂದಿರದಲ್ಲಿ ಧ್ವನಿಮುದ್ರಿಸಿದ ಕಾರ್ಯಕ್ರಮ ಆಲ್ಬಂ ಆಗಿ ಬಂದಿದೆ: 28 ಹಾಡು, ಸುಮಾರು 54 ನಿಮಿಷ. ಹಾಡಿಗೆ ಎರಡು ನಿಮಿಷವೂ ಇಲ್ಲ, ಚಪ್ಪಾಳೆಯೂ ಅದರಲ್ಲೇ ಸೇರಿ. ಒಂದು ಹಾಡಿನ ಕೊನೆಯ ಕಾರ್ಡಿನ ಗುಂಗು ಇರುವಾಗಲೇ ಮುಂದಿನ ಎಣಿಕೆ. ನಿಮ್ಮ ತಂಡ ಹೀಗೆ ನುಡಿಸಬೇಕೆಂದರೆ ಎಲ್ಲ ಹಾಡೂ ಒಂದೇ ಶ್ರುತಿ ಹೊಂದಿಕೆಯಲ್ಲಿರಬೇಕು, ನಡುವೆ ಗಿಟಾರ್ ಬದಲಿಸಲು ಹೊತ್ತಿಲ್ಲ. ದೀಪದ ಬಿಸಿಗೆ, ಕೈಯ ಬಿಸಿಗೆ ತಂತಿಗಳ ಶ್ರುತಿ ಇಳಿಯುತ್ತದೆ. ವೇದಿಕೆ ಏರುವ ಅರ್ಧಗಂಟೆ ಮುಂಚೆಯೇ ಗಿಟಾರುಗಳನ್ನು ಅಲ್ಲಿಟ್ಟು, ಹತ್ತುವ ಮುಂಚೆ ಶ್ರುತಿ ಮಾಡಿ. ಐದಾರು ಹಾಡಿಗೊಮ್ಮೆ 150ರ ಆಸುಪಾಸಿನ ಹಾಡೊಂದನ್ನು ಇಡಿ, ಮುಂಗೈಗೆ ರಕ್ತ ಹರಿಯಲಿ, ಹಾಡುಗಾರ ಉಸಿರು ತೆಗೆದುಕೊಳ್ಳಲಿ. ಕೇಬಲ್ಲನ್ನು ಭುಜದ ಪಟ್ಟಿಯ ಒಳಗಿಂದ ತೂರಿಸಿ ಗಿಟಾರಿಗೆ ಚುಚ್ಚಿ, ಕಾಲಿಗೆ ಸಿಕ್ಕಿದರೂ ಕಿತ್ತು ಬರುವುದಿಲ್ಲ. ತಂತಿ ಹರಿದರೆ ಆ ಹಾಡನ್ನು ಉಳಿದ ಐದರಲ್ಲೇ ಮುಗಿಸಿ, ಬದಲಿ ಗಿಟಾರ್ ಶ್ರುತಿಯಾಗಿ ಹಿಂದೆ ಕಾದಿರಲಿ.

ಸದ್ದಿನ ಮಟ್ಟವನ್ನು ಡ್ರಮ್ಸ್‌ನಿಂದ ಶುರು ಮಾಡಿ. ಚಿಕ್ಕ ಕೋಣೆಯಲ್ಲಿ ಡ್ರಮ್ಸ್ ಸದ್ದನ್ನು ಇಳಿಸುವ ಗುಬ್ಬಿ ಇಲ್ಲ, ಅದರ ಮೇಲೆ ದನಿ ಕೇಳುವಷ್ಟು ಏರಿಸಿ, ಆಮೇಲೆ ಬೇಸ್, ಕೊನೆಗೆ ಗಿಟಾರ್. ಹೆಚ್ಚಿನ ತಂಡಗಳು ಇದನ್ನು ತಿರುಗಿಸಿ ಮಾಡುತ್ತವೆ, ಗಿಟಾರ್ ಮೊದಲು, ದನಿ ಕೊನೆಗೆ. ದನಿಗೆ ಜಾಗವೇ ಉಳಿಯುವುದಿಲ್ಲ, ಏರಿಸಿದರೆ ಮೈಕ್ ಕೂಗುತ್ತದೆ. ರೇನ್‌ಬೋ ಧ್ವನಿಮುದ್ರಿಕೆಯಲ್ಲಿ ಹಾಡುಗಳು ಸ್ಟುಡಿಯೋದಲ್ಲಿದ್ದುದಕ್ಕಿಂತ ವೇಗವಾಗಿವೆ, ಸದ್ದು ಕಿವಿಗಡಚಿಕ್ಕುತ್ತದೆ. ಆದರೂ ಜೋಯಿಯ ರಾಗದ ಎಳೆ 28 ಹಾಡುಗಳಲ್ಲೂ ಗಿಟಾರಿನ ಮೇಲೆಯೇ ತೇಲುತ್ತಿರುತ್ತದೆ.